ಒಂದು ಮುದಿ ಗಾಡಿಯ ಜೀರ್ಣೋದ್ಧಾರ

ದೇವಾಲಯದ ಜೀರ್ಣೋದ್ಧಾರ ಮಾಡಿಸಿದವರನ್ನು ಜನ ಪುಣ್ಯವಂತರೆನ್ನುತ್ತಾರೆ. ಹಳೆಯ ಮನೆಗೆ ಹೆಂಚು ಹೊದಿಸಿದವರನ್ನು ಜವಾಬ್ದಾರಿಯುಳ್ಳ ಗೃಹಸ್ಥರೆನ್ನುತ್ತಾರೆ. ಆದರೆ ಅರ್ಧ ಶತಮಾನ ದಾಟಿದ, ಮೈಯೆಲ್ಲ ತುಕ್ಕು ತಿಂದ, ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಕೊಟ್ಟಿಗೆಯ ಮಗ್ಗುಲಲ್ಲಿ ನಿಂತಲ್ಲೇ ನಿಂತಿದ್ದ ಒಂದು ಸರಕುಗಾಡಿಯನ್ನು ಅರವತ್ತು ಸಾವಿರ ರೂಪಾಯಿ ಎಣಿಸಿ ಕೊಂಡವನನ್ನು ಏನೆಂದು ಕರೆಯಬೇಕೆಂಬುದು ಯಾವ ನಿಘಂಟಿನಲ್ಲಿಯೂ ದೊರೆಯುವುದಿಲ್ಲ. ನಮ್ಮ ಕಾಲೇಜಿನ ಸಹೋದ್ಯೋಗಿಗಳು ಒಂದೆರಡು ಪದಗಳನ್ನು ಸೂಚಿಸಿದ್ದಾರೆ. ಅವು ಅಚ್ಚಿಗೆ ಯೋಗ್ಯವಾದುವಲ್ಲ.

2023ರ ಬೇಸಗೆ ರಜೆಯ ಮಾತು. ತೀರ್ಥಹಳ್ಳಿಯ ಸಮೀಪದಲ್ಲಿ ನಮ್ಮ ಹಿರಿಯರ ಅಡಕೆ ತೋಟವಿದೆ. ಅದಕ್ಕೆ ಹೊಂದಿಕೊಂಡು, ಒಂದು ಬೇಲಿಯ ಆಚೆಗೆ, ಎಂಬತ್ತು ದಾಟಿದ ಒಬ್ಬ ಅಮ್ಮನವರ ತೋಟ. ಅವರ ಮಕ್ಕಳೆಲ್ಲ ಪಟ್ಟಣ ಸೇರಿದ್ದಾರೆ. ಆ ಬೇಸಗೆಯಲ್ಲಿ ಕೊಟ್ಟಿಗೆಯನ್ನು ಕೀಳಿಸುವ ಸಂದರ್ಭ ಬಂದಾಗ ಅದರ ಪಕ್ಕದ ಸೋಗೆಯ ಮಾಡಿನೊಳಗಿದ್ದ ಗಾಡಿಯ ಪ್ರಶ್ನೆಯೂ ಎದ್ದಿತು. ಗುಜರಿಯವನು ಬಂದು, ಸುತ್ತ ಒಮ್ಮೆ ತಿರುಗಿ, ಕಿಲೋ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ನಾನು ಅಲ್ಲಿಗೆ ಹೋದದ್ದು ಬೇರೆ ಯಾವುದೋ ಕೆಲಸಕ್ಕೆ. ಗಾಡಿಯ ಮುಂದೆ ನಿಂತದ್ದು ಬಾಲ್ಯದ ನೆನಪಿಗೆ. ಬೆಲೆ ಕೇಳಿದ್ದು ಯಾರ ಪ್ರೇರಣೆಯಿಂದಲೋ ತಿಳಿಯದು.

“ನೀನು ತಗೊಂಡ್ರೆ ನಂಗೆ ಸಂತೋಷ ಕಣಪ್ಪ,” ಎಂದರು ಅಮ್ಮನವರು. “ಆದ್ರೆ ಒಂದು ಮಾತು. ನಾನು ಇರೋ ತನಕ ಅದನ್ನ ಗುಜರಿಗೆ ಹಾಕ್ಬಾರ್ದು.”

ಹಾಕುವುದಿಲ್ಲವೆಂದು ಮಾತು ಕೊಟ್ಟೆ. ಮಾತು ಕೊಡುವುದಕ್ಕೆ ಕಾಸು ಖರ್ಚಿಲ್ಲವೆಂದು ಅಂದು ತಿಳಿದಿದ್ದೆ.

ಎಫ್.ಸಿ. ಎಂಬ ಜಾತಿ

ಗಾಡಿಯ ಕುಲಗೋತ್ರವನ್ನು ಸ್ವಲ್ಪ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಲೋಕಪ್ರಸಿದ್ಧವಾದ ಜೀಪನ್ನು ಕಟ್ಟಿದ ಅಮೆರಿಕದ ವಿಲ್ಲಿಸ್ ಕಂಪನಿ, ಟೊಲೀಡೊ ನಗರದ ತನ್ನ ಕಾರ್ಖಾನೆಯಿಂದ 1956ರ ಕೊನೆಯಲ್ಲಿ ಒಂದು ವಿಚಿತ್ರವಾದ ಸಣ್ಣ ಸರಕುಗಾಡಿಯನ್ನು ಹೊರತಂದಿತು. ಸಾಮಾನ್ಯ ಜೀಪಿನಲ್ಲಿ ಎಂಜಿನು ಮುಂದೆ, ಚಾಲಕ ಅದರ ಹಿಂದೆ. ಚಾಲಕನನ್ನು ಎಂಜಿನಿನ ಮಗ್ಗುಲಿಗೇ, ಮುಂದಿನ ಚಕ್ರಗಳ ಮೇಲಕ್ಕೇ ತಂದು ಕೂರಿಸಿದರೆ ಮೂತಿಯ ಉದ್ದವೆಲ್ಲ ಸರಕು ಹೊರುವ ತೊಟ್ಟಿಗೆ ಉಳಿಯುತ್ತದೆಂಬುದು ಅದರ ಹಿಂದಿನ ಉಪಾಯ. ಬ್ರೂಕ್ಸ್ ಸ್ಟೀವನ್ಸ್ ಎಂಬ ಹೆಸರಾಂತ ವಿನ್ಯಾಸಕಾರ ಇದರ ರೂಪವನ್ನು ಬರೆದ. ‘ಫಾರ್ವರ್ಡ್ ಕಂಟ್ರೋಲ್’ ಎಂಬುದನ್ನು ಮೊಟಕುಗೊಳಿಸಿ ಇದಕ್ಕೆ ಎಫ್.ಸಿ. 150 ಎಂದು ಹೆಸರಿಟ್ಟರು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 81 ಅಂಗುಲ ಮಾತ್ರ. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ. ಕಿರಿದಾದ ತಿರುವುಗಳ, ಕೆಸರು ತುಂಬಿದ ದಾರಿಗಳ ನಾಡಿಗೆ ಹೇಳಿ ಮಾಡಿಸಿದ ವಾಹನ.

1947ರಿಂದ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸುತ್ತಿದ್ದ ಮಹೀಂದ್ರ ಸಂಸ್ಥೆ, 1965ರಲ್ಲಿ ಈ ಎಫ್.ಸಿ.ಯನ್ನೂ ನಮ್ಮ ದೇಶದಲ್ಲಿ ಮಾರಾಟಕ್ಕೆ ತಂದಿತು. ಅಮ್ಮನವರ ಯಜಮಾನರು ತಮ್ಮದನ್ನು ಕೊಂಡದ್ದು 1969ರಲ್ಲಿ. ಅದರ ಸಂಖ್ಯಾಫಲಕ ‘ಎಂ.ವೈ.’ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. 1973ರ ನವೆಂಬರ್ ಒಂದರಂದು ಮೈಸೂರು ರಾಜ್ಯ ಕರ್ನಾಟಕವಾಯಿತು. ಗಾಡಿ ಮಾತ್ರ ಇಂದಿಗೂ ಮೈಸೂರು ರಾಜ್ಯದ ಪ್ರಜೆಯಾಗಿಯೇ ಉಳಿದಿದೆ.

ಈ ಜಾತಿಯ ಗಾಡಿಗೆ ಇನ್ನೊಂದು ವಿಶೇಷವಿದೆ. ಎಂಜಿನು ಚಾಲಕನ ಕೋಣೆಯೊಳಗೆ, ಎರಡು ಆಸನಗಳ ನಡುವೆ, ಒಂದು ತಗಡಿನ ಮುಚ್ಚಳದ ಕೆಳಗೆ ಕುಳಿತಿರುತ್ತದೆ. ಬೇಸಗೆಯಲ್ಲಿ ಅದು ಯಮಯಾತನೆ. ಆದರೆ ಆಷಾಢದ ಮಳೆಯಲ್ಲಿ ಆ ಮುಚ್ಚಳದ ಮೇಲೆ ಅಂಗೈ ಊರಿ ಕುಳಿತರೆ ಒಲೆಯ ಮುಂದೆ ಕುಳಿತಂತೆ. ಊರಿನ ಎಷ್ಟು ಮಂದಿ ಬಾಣಂತಿಯರು, ಜ್ವರಪೀಡಿತರು ಆ ಮುಚ್ಚಳದ ಬಿಸಿಯಲ್ಲಿ ತೀರ್ಥಹಳ್ಳಿಯ ಆಸ್ಪತ್ರೆಯನ್ನು ಮುಟ್ಟಿದರೆಂಬುದನ್ನು ಹಿರಿಯರು ಈಗಲೂ ಬೆರಳು ಮಡಿಸಿ ಹೇಳುತ್ತಾರೆ.

ತುಕ್ಕಿನ ಸ್ವಭಾವ

ತುಕ್ಕು ಎಂಬುದು ಕಬ್ಬಿಣಕ್ಕೆ ಬರುವ ಕಾಯಿಲೆಯಲ್ಲ. ಅದಿರಾಗಿದ್ದ ಸ್ಥಿತಿಗೆ ಮರಳಬೇಕೆಂಬ ಅದರ ಹಟ. ಕಬ್ಬಿಣ, ಗಾಳಿಯಲ್ಲಿರುವ ಆಮ್ಲಜನಕ, ನೀರು, ಈ ಮೂರೂ ಕೂಡಿದರೆ ಆಯಿತು. ಹೀಗೆ ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುತ್ತದೆ. ಆದುದರಿಂದ ಒಂದರ ಮೇಲೊಂದು ಬೆಸೆದ ಎರಡು ತಗಡುಗಳ ನಡುವೆ ಅದು ಹೊಕ್ಕರೆ ಎರಡನ್ನೂ ಬೇರೆ ಮಾಡಿ ಉಬ್ಬಿಸುತ್ತದೆ. ಮೇಲೆ ಕಾಣುವ ಕೆಂಪು ಪುಡಿ ಅಂಥ ಅಪಾಯಕಾರಿಯಲ್ಲ. ನೀರು ನುಗ್ಗಿ ಹೊರಬರಲಾರದ ಸಂದಿಗಳಲ್ಲಿ, ಬಾಗಿಲಿನ ತಳದಲ್ಲಿ, ಕಾಲುಹಾಸಿನ ಅಡಿಯಲ್ಲಿ, ಮಣ್ಣು ಮೆತ್ತಿದ ಮೂಲೆಗಳಲ್ಲಿ ನಡೆಯುವ ಕಾರ್ಯವೇ ಘೋರವಾದುದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ, ಇಪ್ಪತ್ತೈದು ಮಳೆಗಾಲಗಳನ್ನು ಸೋಗೆಯ ಅಡಿಯಲ್ಲಿ ಕಳೆದ ಗಾಡಿಯ ಅವಸ್ಥೆಯನ್ನು ವಾಚಕರೇ ಊಹಿಸಬಹುದು. ಆಸನದೊಳಗೆ ಇಲಿಗಳು ಸಂಸಾರ ಹೂಡಿದ್ದವು. ತೊಟ್ಟಿಯಲ್ಲಿ ಒಂದು ಹಾವಿನ ಪೊರೆ ಸಿಕ್ಕಿತು.

ಕೊಳ್ಳುವ ಮೊದಲು ನಾನು ಮಾಡಿದ ಪರೀಕ್ಷೆ ಇಷ್ಟೇ: ಗಾಡಿಯನ್ನು ಸುತ್ತು ಹಾಕಿ ‘ಆಹಾ’ ಎಂದದ್ದು. ಮಾಡಬೇಕಾಗಿದ್ದ ಪರೀಕ್ಷೆಗಳನ್ನು ಕಲಿತದ್ದು ಆಮೇಲೆ. ಒಂದು ಅಯಸ್ಕಾಂತಕ್ಕೆ ತೆಳುವಾದ ಬಟ್ಟೆ ಸುತ್ತಿ ಮೈಯ ಮೇಲೆಲ್ಲ ಆಡಿಸಬೇಕು. ಎಲ್ಲಿ ಅದು ಅಂಟುವುದಿಲ್ಲವೋ ಅಲ್ಲಿ ಇರುವುದು ತಗಡಲ್ಲ, ಪುಟ್ಟಿ. ಗಾಡಿಯ ಬೆನ್ನೆಲುಬಾದ ಚಾಸಿಯನ್ನು ಸುತ್ತಿಗೆಯಿಂದ ಗೇಣುಗೇಣಿಗೂ ಬಡಿದು ಕೇಳಬೇಕು; ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ, ಕೊಳೆತದ್ದು ಮಡಕೆಯಂತೆ ‘ಡಬ್’ ಎನ್ನುತ್ತದೆ. ಚಾಸಿಯ ಮೇಲೆ ಕೊರೆದ ಸಂಖ್ಯೆಯೂ ಎಂಜಿನಿನ ಸಂಖ್ಯೆಯೂ ಆರ್.ಸಿ. ಪುಸ್ತಕದಲ್ಲಿರುವ ಸಂಖ್ಯೆಗಳೂ ಒಂದೇ ಆಗಿವೆಯೇ ಎಂದು ಕಣ್ಣಾರೆ ನೋಡಬೇಕು. ಸಂಖ್ಯೆಗಳು ಹೊಂದಿದ್ದು ನನ್ನ ಪುಣ್ಯ. ಮಡಕೆಯ ಶಬ್ದ ಕೇಳಿದ್ದು ನನ್ನ ಕರ್ಮ.

ಮೇಸ್ತ್ರಿಯೂ ಮೇಷ್ಟ್ರೂ

ಈ ಶಬ್ದವನ್ನು ನನಗೆ ಕೇಳಿಸಿದವರು ತೀರ್ಥಹಳ್ಳಿಯ ಒಬ್ಬ ವೃದ್ಧ ಮೇಸ್ತ್ರಿ. ಹುಡುಗರಾಗಿದ್ದಾಗಲೇ ಗ್ಯಾರೇಜು ಸೇರಿ ಜೀಪುಗಳ ಅಡಿಯಲ್ಲೇ ಆಯುಷ್ಯ ಕಳೆದವರು. ಈಗ ಕೈ ನಡುಗುತ್ತದೆಂದು ಕೆಲಸ ಬಿಟ್ಟಿದ್ದಾರೆ. ಎಫ್.ಸಿ. ಎಂದೊಡನೆ ಎದ್ದು ಬಂದರು. ಅವರು ನನ್ನನ್ನು ‘ಮೇಷ್ಟ್ರೇ’ ಎನ್ನುತ್ತಿದ್ದರು. ನಾನು ಅವರನ್ನು ‘ಮೇಸ್ತ್ರಿಗಳೇ’ ಎನ್ನುತ್ತಿದ್ದೆ. ಒಂದು ಪದ ಪೋರ್ಚುಗೀಸರ ಮೂಲಕ, ಇನ್ನೊಂದು ಇಂಗ್ಲಿಷರ ಮೂಲಕ ನಮ್ಮ ಭಾಷೆಗೆ ಬಂದದ್ದು. ಎರಡಕ್ಕೂ ಮೂಲ ಒಂದೇ ಲ್ಯಾಟಿನ್ ಶಬ್ದ, ಅರ್ಥ ‘ಗುರು’ ಎಂದು. ನಮ್ಮಿಬ್ಬರಲ್ಲಿ ಆ ಪದಕ್ಕೆ ನಿಜವಾದ ಹಕ್ಕುದಾರರು ಯಾರೆಂಬುದು ಒಂದು ವಾರದಲ್ಲಿ ಇತ್ಯರ್ಥವಾಯಿತು.

ಎಂಜಿನಿನಿಂದ ಅವರು ಆರಂಭಿಸಿದರು. ನಾಲ್ಕು ಸಿಲಿಂಡರಿನ, ಸುಮಾರು 2200 ಸಿ.ಸಿ.ಯ ಪೆಟ್ರೋಲ್ ಎಂಜಿನು. ಗಾಳಿಯನ್ನೂ ಪೆಟ್ರೋಲನ್ನೂ ಒಳಗೆ ಬಿಡುವ ವಾಲ್ವುಗಳು ಮೇಲಿನ ಹೆಡ್ಡಿನಲ್ಲಿ. ಹೊಗೆಯನ್ನು ಹೊರಗೆ ಬಿಡುವ ವಾಲ್ವುಗಳು ಕೆಳಗಿನ ಬ್ಲಾಕಿನಲ್ಲಿ. ಇಂಥ ರಚನೆ ಈಗಿನ ವಾಹನಗಳಲ್ಲಿ ಕಾಣಸಿಗುವುದಿಲ್ಲ. ಬ್ಯಾಟರಿ ಜೋಡಿಸಿ ತಿರುಗಿಸಿ ನೋಡೋಣವೆಂದು ನಾನು ಅವಸರಪಟ್ಟಾಗ ಅವರು ಕೈ ಹಿಡಿದು ತಡೆದರು. ಪ್ಲಗ್ಗುಗಳನ್ನು ಬಿಚ್ಚಿ ಆ ತೂತುಗಳಲ್ಲಿ ಸೀಮೆಎಣ್ಣೆಯನ್ನೂ ಎಂಜಿನ್ ಆಯಿಲನ್ನೂ ಬೆರಸಿ ಹೊಯ್ದರು. “ಹತ್ತು ದಿನ ಅದರ ಗೊಡವೆಗೆ ಹೋಗ್ಬೇಡಿ. ಮುದುಕರನ್ನ ನಿದ್ದೆಯಿಂದ ಎಬ್ಬಿಸೋ ಹಾಗೆ ಎಬ್ಬಿಸ್ಬೇಕು,” ಎಂದರು. ಹನ್ನೊಂದನೆಯ ದಿನ ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ಒತ್ತಿದಾಗ ಎಂಜಿನು ಒಂದು ಅಂಗುಲದಷ್ಟು ಜರುಗಿತು. ಆ ಒಂದು ಅಂಗುಲಕ್ಕೆ ನನಗಾದ ಹರ್ಷ ಎಂ.ಎ. ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿರಲಿಲ್ಲ.

ಕಾಕಂಬಿಯ ಮಹಿಮೆ

ಸಣ್ಣಪುಟ್ಟ ಭಾಗಗಳ ತುಕ್ಕು ಬಿಡಿಸಲು ಮೇಸ್ತ್ರಿಗಳು ಹೇಳಿದ ಉಪಾಯ ಕೇಳಿ ನಾನು ನಕ್ಕೆ. ಆಲೆಮನೆಯ ಕಾಕಂಬಿ ತರಬೇಕಂತೆ! ಒಂದು ಪಾಲು ಕಾಕಂಬಿಗೆ ಹತ್ತು ಪಾಲು ನೀರು ಬೆರಸಿ, ಡ್ರಮ್ಮಿನಲ್ಲಿ ತುಂಬಿ, ತುಕ್ಕು ಹಿಡಿದ ಸಾಮಾನುಗಳನ್ನು ಮುಳುಗಿಸಿಡುವುದು. ಎರಡು ವಾರ ಕಳೆದು ತೆಗೆದರೆ ತುಕ್ಕು ಕರಗಿ, ಬೂದುಬಣ್ಣದ ಶುದ್ಧ ಲೋಹ ಉಳಿದಿರುತ್ತದೆ. ಕಾಕಂಬಿಯಲ್ಲಿರುವ ಕೆಲವು ಪದಾರ್ಥಗಳು ತುಕ್ಕಿನ ಕಣಗಳನ್ನು ಹಿಡಿದು ನೀರಿನಲ್ಲಿ ಕರಗಿಸುತ್ತವೆ. ಗಟ್ಟಿ ಕಬ್ಬಿಣದ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಅದರಲ್ಲಿ ಹಾಕಕೂಡದು. ತೆಗೆದೊಡನೆ ತೊಳೆದು, ಒರಸಿ, ಎಣ್ಣೆ ಸವರಬೇಕು. ಇಲ್ಲವಾದರೆ ಮಲೆನಾಡಿನ ಗಾಳಿಗೆ ಸಂಜೆಯೊಳಗೆ ಮತ್ತೆ ಕೆಂಪೇರುತ್ತದೆ. ಹುಳಿ ಹಿಡಿದ ಕಾಕಂಬಿಯ ವಾಸನೆಯನ್ನೂ ಡ್ರಮ್ಮಿನ ಸುತ್ತ ನೆರೆದ ಇರುವೆಗಳ ಜಾತ್ರೆಯನ್ನೂ ಕಂಡು ನನ್ನ ಪತ್ನಿ ಆ ದಿಕ್ಕಿಗೆ ಕಾಲಿಡುವುದನ್ನೇ ಬಿಟ್ಟಳು.

ಮಡಕೆಯ ಶಬ್ದ

ಮೂರನೆಯ ತಿಂಗಳಿನಲ್ಲಿ ತೊಟ್ಟಿಯನ್ನು ಕಳಚಿ ಇಳಿಸಿದೆವು. ಹಿಂದಿನ ಎಡ ಚಕ್ರದ ಮೇಲ್ಭಾಗದಲ್ಲಿ, ಸ್ಪ್ರಿಂಗ್ ಪಟ್ಟಿ ಬಂದು ಕೂಡುವ ಕಡೆ, ಚಾಸಿ ಮೊಳದುದ್ದ ಕೊಳೆತುಹೋಗಿತ್ತು. ಮೇಸ್ತ್ರಿಗಳು ಒಂದು ಸ್ಕ್ರೂಡ್ರೈವರನ್ನು ಮೆಲ್ಲನೆ ಒತ್ತಿದರು. ಅದು ಕಲ್ಲಂಗಡಿಯೊಳಕ್ಕೆ ಹೋದಂತೆ ಒಳಕ್ಕೆ ಹೋಯಿತು. ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.

“ಬಾಡಿ ಹೋದ್ರೆ ಕಟ್ಟಬಹುದು ಮೇಷ್ಟ್ರೇ, ಚಾಸಿ ಹೋದ್ರೆ ಗಾಡಿ ಹೋದ ಹಾಗೆ,” ಎಂದರು ಕೊನೆಗೆ. “ಇಲ್ಲಿಗೇ ನಿಲ್ಸಿ. ಕೊಟ್ಟ ದುಡ್ಡಲ್ಲಿ ಮುಕ್ಕಾಲು ಗುಜರಿಯವ ಕೊಡ್ತಾನೆ.”

ಅಂದು ರಾತ್ರಿ ಲೆಕ್ಕ ಬರೆದೆ. ಆ ವೇಳೆಗೆ ಕೊಂಡ ಬೆಲೆ ಸೇರಿ ಒಂದು ಲಕ್ಷದ ಹತ್ತು ಸಾವಿರ ಕೈಬಿಟ್ಟಿತ್ತು. ಅದು ಒಂದು ಸಣ್ಣ ಕಾರು ಕೊಳ್ಳಬೇಕೆಂದು ನಾವಿಬ್ಬರೂ ಕೂಡಿಡುತ್ತಿದ್ದ ಹಣ. ಪತ್ನಿ ಪಟ್ಟಿಯನ್ನು ಓದಿ, “ಇಷ್ಟೆಲ್ಲ ಸುರಿದ್ರೆ ಇದು ನಮ್ಮನ್ನ ಎಲ್ಲಿಯ ತನಕ ಕರ್ಕೊಂಡು ಹೋಗತ್ತೆ?” ಎಂದು ಕೇಳಿದಳು. ಕೋಪದಿಂದ ಕೇಳಿದ್ದರೆ ಉತ್ತರ ಕೊಡಬಹುದಾಗಿತ್ತು; ಅವಳು ನಿಜವಾಗಿಯೇ ತಿಳಿಯಬೇಕೆಂದು ಕೇಳಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ. ಬೇಲಿಯಾಚೆಯ ಅಮ್ಮನವರಿಗೆ ಕೊಟ್ಟ ಮಾತೊಂದಿತ್ತು. ಅದನ್ನು ಹೇಳಿದೆ. ಅವಳು ಪಟ್ಟಿಯನ್ನು ಮಡಿಸಿ ಕೈಗಿತ್ತು, “ಹಾಗಾದ್ರೆ ಗುಜರಿ ಮಾತು ಯಾಕೆ? ಕಾರು ಮುಂದಿನ ವರ್ಷ ನೋಡೋಣ,” ಎಂದಳು.

ಎರಡು ದಿನ ಬಿಟ್ಟು ಮೇಸ್ತ್ರಿಗಳು ತಾವಾಗಿಯೇ ಬಂದರು. ಅವರಿಗೂ ನಿದ್ದೆ ಬಂದಿರಲಿಲ್ಲವೆಂದು ಕಾಣುತ್ತದೆ. ಸೀಮೆಸುಣ್ಣ ತೆಗೆದು ನೆಲದ ಮೇಲೆಯೇ ಬರೆದು ತೋರಿಸಿದರು: ಕೊಳೆತ ಭಾಗವನ್ನು ಗಟ್ಟಿ ಉಕ್ಕು ಸಿಕ್ಕುವ ತನಕ ಕತ್ತರಿಸಿ ತೆಗೆಯುವುದು; ಅಷ್ಟೇ ದಪ್ಪದ ಉಕ್ಕನ್ನು ಅದೇ ಆಕಾರಕ್ಕೆ ಬಗ್ಗಿಸಿ ತರುವುದು; ಒಳಗಡೆಯಿಂದ ಇನ್ನೊಂದು ಪಟ್ಟಿಯ ಆಧಾರ ಕೊಟ್ಟು ಬೆಸೆಯುವುದು. ಕತ್ತರಿಸುವ ಮೊದಲು ಚಾಸಿಯನ್ನು ನಾಲ್ಕು ದಿಮ್ಮಿಗಳ ಮೇಲೆ ಮಟ್ಟವಾಗಿ ಕೂರಿಸಿ, ಮೂಲೆಯಿಂದ ಮೂಲೆಗೆ ದಾರ ಎಳೆದು ಎರಡು ಕರ್ಣಗಳನ್ನೂ ಅಳೆದೆವು. ಬೆಸುಗೆಯಾದ ಮೇಲೆ ಮತ್ತೆ ಅಳೆದಾಗ ಎರಡೂ ಸಮನಾಗಿದ್ದುವು. ದಾರ ಹಿಡಿದದ್ದು ನಾನು, ಬೆಸೆದದ್ದು ಪೇಟೆಯಿಂದ ಬಂದ ಒಬ್ಬ ತರುಣ. ಕಣ್ಣು ಮಾತ್ರ ಮೇಸ್ತ್ರಿಗಳದು. “ಎಲ್ಲಾ ಒಂದೇ ಸಲ ಎಳೀಬೇಡ, ಒಂದೊಂದು ಚುಕ್ಕೆ ಇಡು, ಆರಲಿ, ಆಮೇಲೆ ಇನ್ನೊಂದು,” ಎಂದು ದಿನವೆಲ್ಲ ಹೇಳುತ್ತಲೇ ಇದ್ದರು. ಒಮ್ಮೆಗೇ ಬೆಸೆದರೆ ಕಾವಿಗೆ ಉಕ್ಕು ತಿರುಚಿಕೊಳ್ಳುತ್ತದೆ. ಆ ತರುಣ ಇಂದು ತೀರ್ಥಹಳ್ಳಿಯಲ್ಲಿ ಇಂಥ ಕೆಲಸ ಬಲ್ಲವನೆಂದು ಹೆಸರಾಗಿದ್ದಾನೆ.

ಪಾಠಾಂತರ

ನಾವು ಎಂ.ಎ. ತರಗತಿಯಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಓದಿದವರು. ಹುಳು ತಿಂದ ಓಲೆಗರಿಯಿಂದ ಕಾವ್ಯವೊಂದನ್ನು ಉಳಿಸಿಕೊಳ್ಳುವ ಶಾಸ್ತ್ರ ಅದು. ಅಕ್ಷರ ಹೋದ ಕಡೆ ಇಲ್ಲಿ ಇಷ್ಟು ಹೋಗಿದೆಯೆಂದು ತೋರಿಸಬೇಕೇ ಹೊರತು ಸಂಪಾದಕ ತನ್ನ ಪದ್ಯವನ್ನು ತುಂಬಿ ಕವಿಯದೆಂದು ಹೇಳಕೂಡದು. ಓದಿ ಹತ್ತು ವರ್ಷಗಳಾದ ಮೇಲೆ ಆ ಪಾಠ ನನಗೆ ಅರ್ಥವಾದದ್ದು ಪುಟ್ಟಿಯ ಡಬ್ಬದ ಮುಂದೆ. ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಮೂರು ದಿನದಲ್ಲಿ ಗಾಡಿ ಮದುವಣಗಿತ್ತಿಯಾಗುತ್ತದೆ. ಒಳಗೆ ತುಕ್ಕು ತನ್ನ ಕೆಲಸ ಮಾಡುತ್ತಲೇ ಇರುತ್ತದೆ; ಎರಡು ಮಳೆಗಾಲಕ್ಕೆ ಅದೇ ಜಾಗ ಮತ್ತೆ ಉಬ್ಬುತ್ತದೆ. ಅಂಥದು ಪ್ರಕ್ಷಿಪ್ತ.

ಆದುದರಿಂದ ಕೊಳೆತ ಕಡೆಯಲ್ಲೆಲ್ಲ ಕತ್ತರಿಸಿ ಹೊಸ ತಗಡು ಬೆಸೆಸಿದೆವು. ಪ್ರತಿಯೊಂದು ತೇಪೆಯ ಹಿಂಬದಿಗೂ ಅದು ಸೇರಿದ ತಿಂಗಳು, ವರ್ಷವನ್ನು ಬಿಳಿಯ ಬಣ್ಣದಲ್ಲಿ ಬರೆದೆ. ಮುಂದೆ ಇದನ್ನು ಬಿಚ್ಚುವವನಿಗೆ ಹಳೆಯದು ಯಾವುದು, ನಾವು ಸೇರಿಸಿದ್ದು ಯಾವುದು ಎಂಬುದು ತಿಳಿಯಬೇಕು. ಮೈಯ ಬಣ್ಣವನ್ನು ಪದರಪದರವಾಗಿ ಉಜ್ಜಿದಾಗ ನೀಲಿಯ ಅಡಿಯಲ್ಲಿ ಹಸುರು, ಹಸುರಿನ ಅಡಿಯಲ್ಲಿ ಬೂದು ಕಂಡಿತು. ಆಸನದ ಕೆಳಗೆ, ಬಿಸಿಲು ಮಳೆ ಸೋಕದ ಕಡೆ, ಅದೇ ಬೂದುಬಣ್ಣ ಹೊಸದರಂತೆಯೇ ಉಳಿದಿತ್ತು. ಅದನ್ನೇ ಮೂಲಪಾಠವೆಂದು ಹಿಡಿದೆವು. ಎಡಬಾಗಿಲಿನ ಮೇಲೆ, ಹಸುರಿನ ಪದರದಲ್ಲಿ, ಯಾರೋ ಕೈಯಿಂದ ಬರೆದ ದುಂಡಗಿನ ಕನ್ನಡ ಅಕ್ಷರಗಳು ಕಂಡುವು: ‘ಸ್ವಂತ ಉಪಯೋಗಕ್ಕೆ’. ಅಷ್ಟು ಜಾಗವನ್ನು ಉಜ್ಜದೆ, ಬಣ್ಣ ಬಳಿಯದೆ ಹಾಗೆಯೇ ಬಿಟ್ಟಿದ್ದೇವೆ. ಬಲಬಾಗಿಲಿನಲ್ಲಿ ಒಂದು ತಗ್ಗಿದೆ. ಮಳೆಗಾಲದ ಒಂದು ರಾತ್ರಿ ಆಸ್ಪತ್ರೆಯಿಂದ ಬರುವಾಗ ಮರದ ಕೊಂಬೆ ಬಿದ್ದು ಆದದ್ದೆಂದು ಅಮ್ಮನವರು ಹೇಳಿದರು. ಅದನ್ನೂ ತಟ್ಟಿ ಸರಿಮಾಡಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಳೆಯದಕ್ಕೆ ಮರ್ಯಾದೆ ತೋರಲಿಲ್ಲ. ಬ್ರೇಕಿನ ಸಿಲಿಂಡರುಗಳು, ಕೊಳವೆಗಳು, ವಿದ್ಯುತ್ ತಂತಿಗಳು ಪೂರ್ತಿ ಹೊಸವು. ಪೆಟ್ರೋಲಿನ ರಬ್ಬರ್ ಕೊಳವೆಗಳೂ ಅಷ್ಟೇ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಸೇರಿದೆ, ಹಳೆಯ ಕಾಲದ ರಬ್ಬರು ಅದನ್ನು ತಾಳುವುದಿಲ್ಲ. ಕಾವ್ಯದಲ್ಲಿ ಒಂದಕ್ಷರ ತಪ್ಪಿದರೆ ಪ್ರಾಣಹಾನಿಯಿಲ್ಲ. ಘಾಟಿಯಲ್ಲಿ ಬ್ರೇಕು ತಪ್ಪಿದರೆ ಉಂಟು.

ಎಫ್.ಸಿ.ಗೆ ಎಫ್.ಸಿ. ಇಲ್ಲ

ಕಬ್ಬಿಣಕ್ಕಿಂತ ಕಠಿಣವಾದದ್ದು ಕಾಗದ. ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ಕೇಂದ್ರ ಸರ್ಕಾರ 2021ರಲ್ಲಿ ವಿಶೇಷ ನಿಯಮಗಳನ್ನು ಹೊರಡಿಸಿತು. ಇಪ್ಪತ್ತು ಸಾವಿರ ರೂಪಾಯಿ ಶುಲ್ಕ ಕಟ್ಟಿದರೆ ಹತ್ತು ವರ್ಷಗಳ ನೋಂದಣಿ, ‘ವಿ.ಎ.’ ಎಂಬ ಅಕ್ಷರಗಳುಳ್ಳ ಗೌರವದ ಫಲಕ. ಪ್ರದರ್ಶನ, ರ‍್ಯಾಲಿ ಮೊದಲಾದುವಕ್ಕೆ ಮಾತ್ರ ರಸ್ತೆಗಿಳಿಯಬಹುದು. ನಾನು ಹಿಗ್ಗಿದೆ. ನಿಯಮವನ್ನು ಪೂರ್ತಿ ಓದಿದ ಮೇಲೆ ಕುಗ್ಗಿದೆ. ಆ ಮನ್ನಣೆ ದ್ವಿಚಕ್ರ ವಾಹನಗಳಿಗೆ ಮತ್ತು ಜನರು ಕೂರುವ ಕಾರುಗಳ ವರ್ಗಕ್ಕೆ ಮಾತ್ರ. ಸರಕು ಹೊತ್ತದ್ದಕ್ಕೆ ಅಲ್ಲಿ ಸ್ಥಾನವಿಲ್ಲ. ಚಾಸಿಗೆ ಕೈಹಾಕಿದ ವಾಹನವಂತೂ ಮೊದಲೇ ಅನರ್ಹ. ಸರಕುವಾಹನವಾಗಿಯೇ ರಸ್ತೆಗೆ ತರೋಣವೆಂದರೆ, ಎಂಟು ವರ್ಷ ದಾಟಿದ ಮೇಲೆ ವರ್ಷವರ್ಷವೂ ಯೋಗ್ಯತಾಪತ್ರ ಪಡೆಯಬೇಕು. ಆ ಪತ್ರಕ್ಕೆ ನಮ್ಮ ಜನ ಇಟ್ಟಿರುವ ಹೆಸರೂ ‘ಎಫ್.ಸಿ.’ಯೇ! ಹೀಗೆ ನಮ್ಮ ಎಫ್.ಸಿ.ಗೆ ಎಫ್.ಸಿ. ಇಲ್ಲದೆ ಹೋಯಿತು. ರಾಜರ ಕಾರಿಗೆ ಸಿಕ್ಕುವ ಮರ್ಯಾದೆ ರೋಗಿಗಳನ್ನು ಹೊತ್ತ ಗಾಡಿಗೆ ಸಿಕ್ಕಲಿಲ್ಲವೆಂದು ಒಂದು ದಿನ ನೊಂದುಕೊಂಡೆ. ಆಮೇಲೆ ಕಾನೂನನ್ನು ಕಾನೂನೆಂದೇ ಒಪ್ಪಿ, ಗಾಡಿಯ ಸಂಚಾರವನ್ನು ಎರಡು ತೋಟಗಳ ಒಳದಾರಿಗೆ ಸೀಮಿತಗೊಳಿಸಿದೆ.

ಇಂಥ ಹುಚ್ಚು ಹಿಡಿದ ತರುಣರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ನನ್ನ ಹಿತವಚನ ಇಷ್ಟು: ಮೊದಲು ಕಾಗದ ನೋಡಿ, ಅನಂತರ ಚಾಸಿ ನೋಡಿ, ಕೊನೆಗೆ ಬಣ್ಣ ನೋಡಿ. ಅಂದಾಜು ಮಾಡಿದ ಖರ್ಚನ್ನು ಎರಡರಿಂದ ಗುಣಿಸಿ, ಕಾಲವನ್ನು ಮೂರರಿಂದ ಗುಣಿಸಿ. ನನಗೆ ಹಿಡಿದದ್ದು ಹದಿನೆಂಟು ತಿಂಗಳು. ಒಟ್ಟು ಎರಡು ಲಕ್ಷದ ಎಪ್ಪತ್ತು ಸಾವಿರ ರೂಪಾಯಿ. ಎಲ್ಲಕ್ಕಿಂತ ಮೊದಲು, ಆ ಜಾತಿಯ ಗಾಡಿಯನ್ನು ಬಲ್ಲ ಒಬ್ಬ ಮೇಸ್ತ್ರಿ ಇನ್ನೂ ಇದ್ದಾರೆಯೇ ಎಂದು ವಿಚಾರಿಸಿ. ಬಿಡಿಭಾಗ ಗುಜರಿಯಲ್ಲಿ ಸಿಕ್ಕೀತು. ಅಂಥವರ ಕಿವಿ ಸಿಕ್ಕುವುದಿಲ್ಲ.

ಬಿಸಿ

2024ರ ನವೆಂಬರಿನಲ್ಲಿ, ಕೊನೆಕೊಯ್ಲಿನ ದಿನಗಳು. ಮೇಸ್ತ್ರಿಗಳು ಕಾರ್ಬುರೇಟರಿನ ತಿರುಪನ್ನು ಕಾಲುಸುತ್ತು ತಿರುಗಿಸಿ, ತಲೆ ವಾಲಿಸಿ ಆಲಿಸಿ, “ಹೂಂ, ಈಗ ಉಸಿರಾಡ್ತಾ ಇದೆ,” ಎಂದರು. ಸ್ಟಿಯರಿಂಗನ್ನು ಅವರಿಗೇ ಕೊಟ್ಟೆ. ಅವರು ಒಪ್ಪಲಿಲ್ಲ. “ಕೈ ನಡುಗತ್ತೆ ಮೇಷ್ಟ್ರೇ. ನೀವು ಹೊಡೀರಿ, ನಾನು ಹಿಂದೆ ತೊಟ್ಟೀಲಿ ಕೂತು ಸದ್ದು ಕೇಳ್ತೀನಿ.”

ಬೇಲಿಯ ಉಣುಗೋಲು ಸರಿಸಿ ಅಮ್ಮನವರ ಅಂಗಳಕ್ಕೆ ಹೋದೆವು. ಅವರು ಸದ್ದು ಕೇಳಿಯೇ ಜಗಲಿಗೆ ಬಂದು ನಿಂತಿದ್ದರು. ನನ್ನ ಪತ್ನಿ ಕೈಹಿಡಿದು ಹತ್ತಿಸಿದಳು. ಬಲಬಾಗಿಲಿನ ತಗ್ಗನ್ನು ಅವರು ನೋಡಿದರು, ಏನೂ ಹೇಳಲಿಲ್ಲ. ತೋಟದ ದಾರಿಯಲ್ಲಿ ಕೆರೆಯ ಏರಿಯ ತನಕ ಹೋಗಿ ತಿರುಗಿ ಬಂದೆವು. ಹೆಚ್ಚೆಂದರೆ ಅರ್ಧ ಮೈಲಿ. ಬರುವಾಗ ಸಣ್ಣಗೆ ಹನಿ ಬಿತ್ತು. ಅಮ್ಮನವರು ಸೆರಗಿನಿಂದ ಕೈ ಹೊರತೆಗೆದು, ಕಣ್ಣು ದಾರಿಯ ಮೇಲಿಟ್ಟುಕೊಂಡೇ, ನಡುವಿನ ತಗಡಿನ ಮುಚ್ಚಳದ ಮೇಲೆ ಅಂಗೈ ಊರಿದರು.

“ಬಿಸಿ ಇದೆ,” ಎಂದರು.

ಪತ್ನಿಯ ಪ್ರಶ್ನೆಗೆ ಆಗ ಉತ್ತರ ಹೊಳೆಯಿತು. ಹೇಳಲೆಂದು ತಿರುಗಿದೆ. ಅವಳೂ ಇನ್ನೊಂದು ಕಡೆಯಿಂದ ಆ ಮುಚ್ಚಳದ ಮೇಲೆ ಕೈಯಿಟ್ಟಿದ್ದಳು.